ಎಂಬತ್ತೆರಡು

ಮಲ್ಪೆ ದಕ್ಕೆಯಲ್ಲಿ ಮೂವತ್ತೊಂದು ವರ್ಷ
ಬೋಟುಗಳ ಎದೆ ಬಿಚ್ಚಿ ಮುಚ್ಚಿದವ ನಾನು.
ಮನೆಯ ಒಲೆಗೆ ಮಾತ್ರ ತಲೆ ಹಾಕಿದ್ದಿಲ್ಲ.

ವಾರಿಜ ಏಳುವುದು ರಾತ್ರಿ ಒಂದೂವರೆಗೆ.
ಮುಂಡೇವಿನ ಓಲೆಯ ಕೊಳವೆಗಳಿಗೆ ಹಿಟ್ಟು ಹೊಯ್ದು
ತೊಂದೂರಿನಲ್ಲಿ ನೆಟ್ಟಗೆ ನಿಲ್ಲಿಸಿ, ಮುಚ್ಚಿ,
ಬೆಂಕಿಯೆದುರು ಕುಕ್ಕರುಗಾಲಲ್ಲಿ ಕೂರುತ್ತಾಳೆ.
ಉರಿ ಏರಿದರೆ ಕೊಳ್ಳಿ ಹಿಂದೆಳೆಯುವುದು,
ಇಳಿದರೆ ಮುಂದೆ ತಳ್ಳುವುದು,
ನಡುವೆ ಕೊಳವೆಯಿಂದ ಒಂದು ಊದು.
ಐದಕ್ಕೆ ದಕ್ಕೆಯ ಕ್ಯಾಂಟೀನಿಗೆ ಅರವತ್ತು ಮೂಡೆ.

ದೀಪಾವಳಿಯ ಮರುದಿನ ಕೂತಲ್ಲೇ ಕಣ್ಣು ಹತ್ತಿತು.
ನೀರು ಆರಿ, ತಳ ಸೀದು,
ಅರವತ್ತಕ್ಕೂ ಒಂದೇ ಕಮಟು.
"ಎಂತ ಮಾಡುವುದು ಮಾರಾಯ್ರೆ,
ಬೆಂಕಿಗೆ ನಿದ್ದೆ ಇಲ್ಲ" ಎಂದಳು, ತಳ ತಿಕ್ಕುತ್ತಾ.
ಬೈದದ್ದಲ್ಲ.
ಆದರೂ ತಾಗಿತು.

ಗುಜರಿಗೆ ಹೋದ 'ಮತ್ಸ್ಯಜ್ಯೋತಿ'ಯ ಇಂಜಿನಿನಿಂದ
ಥರ್ಮೋಸ್ಟಾಟ್ ಬಿಚ್ಚಿ ತಂದೆ.
ಹಿತ್ತಾಳೆಯ ಗುಂಡಿ, ಹೊಟ್ಟೆಯೊಳಗೆ ಮೇಣ,
ಬೆನ್ನ ಮೇಲೆ ಅಚ್ಚೊತ್ತಿದ ಎಂಬತ್ತೆರಡು.
ಅಷ್ಟು ಬಿಸಿಗೆ ಮೇಣ ಉಬ್ಬಿ
ಒಂದು ಕಡ್ಡಿಯನ್ನು ಹೊರಗೆ ನೂಕುತ್ತದೆ,
ಕುಚ್ಚಲಕ್ಕಿಯ ಒಂದು ಕಾಳಿನಷ್ಟು.
ನಡುಗಡಲಲ್ಲಿ ಇಂಜಿನಿನ ಜೀವ
ಇರುವುದು ಆ ಕಾಳಿನಷ್ಟು ಜಾಗದಲ್ಲಿ.

ಬಿಸಿಯಾದರೆ ಬಾಗಿಲು ತೆರೆಯುವುದು ಅದರ ಹಳೆಯ ರೂಢಿ.
ಇಲ್ಲಿ ಮುಚ್ಚಬೇಕು.
ಸೈಕಲ್ಲಿನ ಸವೆದ ಕ್ರ್ಯಾಂಕು ಸನ್ನೆಯಾಯಿತು,
ಕಾಳು ನಾಲ್ಕು ಬೆರಳಾಯಿತು.
ಒಲೆಯ ಗಾಳಿಬಾಯಿಗೆ ಬಿಸ್ಕತ್ತು ಡಬ್ಬದ ತಗಡಿನ ರೆಪ್ಪೆ,
ರೆಪ್ಪೆ ಭಾರವಾಗಲು
ಹರಿದ ಬಲೆಯ ಮೂರು ಸೀಸದ ಗುಂಡು.
ಎಣ್ಣೆಯ ಗಿಂಡಿಯಲ್ಲಿ ಮುಳುಗಿ ಕೂತ ಥರ್ಮೋಸ್ಟಾಟು
ಒಲೆಗೋಡೆಗೆ ಗೇಣು ದೂರವಿಟ್ಟರೆ ಸೋಮಾರಿ,
ಎರಡು ಬೆರಳಿಗೆ ಬಂದರೆ ಹುಚ್ಚ.

ಮೊದಲ ರಾತ್ರಿ ಕಟ್ಟಿದ್ದು ಬಲೆಯ ದಾರ.
ನೈಲಾನು. ಹೇಳಬೇಕೆ?
ಕರಗಿ, ತಗಡು ಟಪ್ಪೆಂದು ಬಿದ್ದು
ಒಲೆ ಉಸಿರುಗಟ್ಟಿ ಮನೆಯೆಲ್ಲ ಹೊಗೆ.
ಪಕ್ಕದ ಫೆಲ್ಸಿ ಬಾಯಿ ಕೊಡಪಾನ ಹಿಡಿದು ಓಡಿ ಬಂದರು.
ವಾರಿಜ ನಕ್ಕದ್ದು ಎಷ್ಟು ದಿನದ ಮೇಲೋ.

ಹನ್ನೊಂದನೆಯ ರಾತ್ರಿ
ಬ್ರೇಕಿನ ತಂತಿ ಸಡಿಲಿ
ಯಾರೂ ಮುಟ್ಟದೆ ತಗಡು ಇಳಿಯಿತು. ಟಕ್.
ಉರಿ ತಗ್ಗಿತು, ದೊಡ್ಡವರು ಬಂದಾಗ ಮಕ್ಕಳಂತೆ.
ಕಾಲು ಗಂಟೆ ಬಿಟ್ಟು ರೆಪ್ಪೆ ಮೆಲ್ಲಗೆ ಎದ್ದಿತು,
ಕೆಂಡಗಳು ಮತ್ತೆ ಮಾತಿಗೆ ಶುರು.
ನನಗೆ ಕೂಗಬೇಕೆನಿಸಿತ್ತು. ಕೂಗಲಿಲ್ಲ.
"ನೀನು ಮಲಗು ಮಾರಾಯ್ತಿ" ಎಂದೆ.

ಮಲಗಿದಳು.
ಪ್ರತಿ ಟಕ್‌ಗೂ ಕತ್ತಲಲ್ಲಿ
ಅವಳ ಬಳೆ ಒಮ್ಮೆ ಸದ್ದು ಮಾಡುತ್ತಿತ್ತು.
ನಿದ್ದೆಯಲ್ಲೇ ಕೈ
ಕೊಳ್ಳಿ ಹಿಂದೆಳೆಯುತ್ತಿತ್ತು.

ಮೇ ಕೊನೆಯ ಮಳೆಗೆ ಗಾಳಿಮರದ ಕಟ್ಟಿಗೆ ನೆನೆಯಿತು.
ಎಂಬತ್ತೆರಡಕ್ಕೆ ಒದ್ದೆಯೂ ಗೊತ್ತಿಲ್ಲ, ಒಣಗಿದ್ದೂ ಗೊತ್ತಿಲ್ಲ.
ತಗಡು ಬೇಗ ಮುಚ್ಚಿ, ಕಟ್ಟಿಗೆ ಅತ್ತು,
ಮೂಡೆಯ ನಡು ಹಸಿ ಹಸಿ.
ನಾನು ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದೆ,
ಸನ್ನೆ ಉದ್ದ ಮಾಡಿದೆ, ಗಿಡ್ಡ ಮಾಡಿದೆ,
ಗಿಂಡಿಯನ್ನು ಗೋಡೆಯಿಂದ ಸರಿಸಿದೆ.
ಮೂರು ದಿನ ಕ್ಯಾಂಟೀನಿನವನ ಮುಖ ನೋಡಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಹಬೆ ಸರಿಯಾಗಿತ್ತು.
ಬಗ್ಗಿ ನೋಡಿದೆ. ರೆಪ್ಪೆಯಲ್ಲಿ ಎರಡೇ ಗುಂಡು,
ಮುಚ್ಚಿದರೂ ಒಂದು ಎಳೆ ಗಾಳಿ ಒಳಗೆ.
ಮೂರನೆಯದು
ಅವಳ ಸೆರಗಿನ ಗಂಟಿನಲ್ಲಿ, ಬೀಗದ ಕೈಯ ಜೊತೆ.

"ಕಟ್ಟಿಗೆ ಒಣಗಲಿ,
ಆಮೇಲೆ ಕೇಳಿ, ಕೊಡ್ತೇನೆ" ಎಂದಳು,
ಮೂಡೆ ಎಣಿಸುತ್ತಾ,
ನಲವತ್ತೆರಡು, ನಲವತ್ತಮೂರು.