ನಮ್ಮ ಪ್ರತಿನಿಧಿಯಿಂದ

ಹನ್ನೊಂದು ವರ್ಷ ನನಗೆ ಹೆಸರಿರಲಿಲ್ಲ.
ಸುದ್ದಿಯ ನೆತ್ತಿಯ ಮೇಲೆ ಊರು, ತಾರೀಖು,
ಆಮೇಲೆ ಸಣ್ಣಕ್ಷರದಲ್ಲಿ: ನಮ್ಮ ಪ್ರತಿನಿಧಿಯಿಂದ.
ಯಾರ ಪ್ರತಿನಿಧಿ ಅಂತ ಯಾರೂ ಕೇಳಲಿಲ್ಲ,
ಮಂಡಿಪೇಟೆಯಲ್ಲಿ ಸ್ಕೂಟಿ ನಿಲ್ಲಿಸಿದರೆ ಸಾಕು
ಹಮಾಲರೇ ಕೂಗುತ್ತಿದ್ದರು: ಬಂತು ನೋಡ್ರಪ್ಪ ಪೇಪರು.

ಈಗ ಹೆಸರಿದೆ. ಫೋಟೋ ಸಮೇತ
ಕೊರಳಿಗೆ ನೇತುಹಾಕಿದ್ದಾರೆ.
ರಾಟರ್‌ಡ್ಯಾಮಿನ ಬಂದರಿನಲ್ಲಿ
ಮೀನು, ಮಾವು, ಲಸಿಕೆ ತಣ್ಣಗಿಡುವ ಕಂಪನಿಯೊಂದರ ಪರವಾಗಿ
ಮಾತಾಡುವುದು ನನ್ನ ಕೆಲಸ.
ಸಂಬಳ ತಿಂಗಳು ಮುಗಿಯುವ ಮುಂಚೆಯೇ ಬರುತ್ತದೆ.
ಮುಚ್ಚಿಡುವುದು ಯಾಕೆ, ಮೊದಲ ಸಲ ಬಂದ ದಿನ
ಊರು ನೆನೆದು ಅಳಲಿಲ್ಲ, ಮಲಗಿದೆ.
ಬಾಕಿ ಸಂಬಳದ ಲೆಕ್ಕವಿಲ್ಲದ ನಿದ್ದೆ.

ಹತ್ತು ದಿನದ ರಜೆ. ಮಂಡಕ್ಕಿ ಭಟ್ಟಿಯ ಓಣಿಗೆ ಬಂದಿದ್ದೇನೆ.
ಹೊಗೆ ಅದೇ. ಹಳೇ ಟೈರಿನ ವಾಸನೆ
ಒಗೆದು ಹರವಿದ ಬಟ್ಟೆಗೂ ಗೊತ್ತು.
ಇದರ ಮೇಲೆ ನಾಲ್ಕು ಸಲ ಬರೆದೆ. ನಾಲ್ಕನೇ ಸಲ
ಸಾಹೇಬರೊಬ್ಬರು ಬಂದು, ಮೂಗಿಗೆ ಕರ್ಚೀಫು ಹಿಡಿದು,
"ಅಲ್ಪ ಪ್ರಮಾಣದ ಹೊಗೆ" ಅಂದು ಹೋದರು.
ಹಾಗೇ ಬರೆದುಕೊಟ್ಟೆ. ಡೆಸ್ಕಿನ ಕೊಟ್ರಬಸಪ್ಪನವರು
ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಕರೆದರು:
"ಅಲ್ಪ ಅಂದ್ರೆ ಎಷ್ಟವ್ವ? ಕೊಡದಾಗೋ, ಚೆಂಬಿನಾಗೋ?
ಹೋಗು, ಎಣಿಸ್ಕೊಂಡು ಬಾ."
ರಾತ್ರಿಯಿಡೀ ಕೂತು ಟೈರು ಎಣಿಸಿದೆ. ಮೂವತ್ತೊಂದು.
ಮರುದಿನದ ಸುದ್ದಿಯಲ್ಲಿ ಮೊದಲ ಪದವೇ ಅದು.
ಅದರಿಂದ ಏನೂ ಆಗಲಿಲ್ಲ, ಅದು ಬೇರೆ ಮಾತು.

ಹಜರತ್‌ಬಿ ಒಲೆಯ ಮುಂದಿಂದಲೇ ಕೇಳಿದಳು:
"ಪೇಪರ್ ಬಿಟ್ರಂತಲ್ಲ. ಅಲ್ಲೇನ್ ಕೆಲ್ಸ?"
ಹೇಗೆ ಹೇಳಲಿ. ಈ ಓಣಿಯಲ್ಲಿ ಅದಕ್ಕೆ ಪದವಿಲ್ಲ,
ಸಂವಹನ ಅಂದರೆ ಯಾವುದೋ ಹೋಮದ ಹೆಸರಿನ ಹಾಗಿದೆ.
"ಕಂಪನಿಯವರು ಹೇಳೋದನ್ನ ಚೆಂದ ಮಾಡಿ ಹೇಳೋದು."
ಅವಳು ಬೊಗಸೆ ಅಕ್ಕಿಯನ್ನು ಕಾದ ಮರಳಿಗೆ ಸುರಿದಳು.
ಪಟಪಟ, ಬಾಣಲೆ ಉಕ್ಕಿತು.
"ಹಿಂಗಾ?" ಅಂದಳು.
ನಕ್ಕೆವು. ಹೊಗೆಗೆ ಇಬ್ಬರಿಗೂ ಕೆಮ್ಮು.

ಕಳೆದ ಫೆಬ್ರವರಿ, ಬೆಳಗಿನ ನಾಲ್ಕೂವರೆ,
ನಮ್ಮ ಮೂರನೇ ಗೋದಾಮಿನಲ್ಲಿ ಅಮೋನಿಯಾ ಸೋರಿತು.
ಇಬ್ಬರು ಆಸ್ಪತ್ರೆಗೆ. ಒಬ್ಬ ಪೋಲೆಂಡಿನವನು, ಮಾರೆಕ್.
ಹೇಳಿಕೆ ಟೈಪು ಮಾಡುತ್ತಿದ್ದೆ, ಕೈ ತಾನಾಗಿ ಹೊಡೆಯಿತು
ಆ ಭಾಷೆಯಲ್ಲಿ: ಅಲ್ಪ ಪ್ರಮಾಣದ.
ಯಾರೂ ಸುತ್ತು ಹಾಕಲಿಲ್ಲ. ವಕೀಲರು ಚೆನ್ನಾಗಿದೆ ಅಂದರು.

ಏಳಕ್ಕೆ ಫೋನು. ಅಲ್ಲಿಯ ಪತ್ರಿಕೆಯ ಹುಡುಗಿ,
ದನಿಗೆ ನೆಗಡಿ, ಹಿಂದೆ ಗಾಳಿಯ ಸದ್ದು,
ನಮ್ಮ ಬಾಗಿಲ ಹೊರಗೇ ನಿಂತಿದ್ದಳು ಅಂತ ಕಾಣುತ್ತದೆ.
"ಅಲ್ಪ ಅಂದರೆ ಎಷ್ಟು?"
ನನಗೆ ಅಂಕಿ ಗೊತ್ತಿತ್ತು.
"ಪರಿಶೀಲಿಸುತ್ತಿದ್ದೇವೆ" ಅಂದೆ.
ಅವಳು ಸುಮ್ಮನಾದಳು. ಆ ಸುಮ್ಮನೆ ನನಗೆ ಗೊತ್ತು,
ಎದುರಿನವರು ತಡೆಯಲಾರದೆ ಬಾಯಿಬಿಡಲಿ ಅಂತ ತೋಡುವ ಗುಂಡಿ.
ತಹಶೀಲ್ದಾರರ ಮುಂದೆ, ಮಿಲ್ಲಿನವರ ಮುಂದೆ
ನಾನೇ ಎಷ್ಟು ತೋಡಿದ್ದೆ.
ಅದಕ್ಕೇ ಬೀಳಲಿಲ್ಲ.
ಥ್ಯಾಂಕ್ಸ್ ಅಂದು ಇಟ್ಟಳು.
ಬಿದ್ದಿದ್ದರೆ, ಅಂತ ಒಮ್ಮೊಮ್ಮೆ.

ಮಾರೆಕ್ ಹುಷಾರಾದ. ಅದನ್ನೂ ನಾನೇ ಬರೆದೆ,
ಅವನು ನಗುವ ಫೋಟೋ ಹಾಕಿ.

ಭಟ್ಟಿಯಿಂದ ಹೊರಟರೆ ರೈಲ್ವೆ ಗೇಟು ಬಿದ್ದಿತ್ತು.
ಅರ್ಧ ದಾವಣಗೆರೆ ನಿಂತಿತ್ತು: ಆಟೋ, ಮೆಕ್ಕೆಜೋಳದ ಲಾರಿ,
ಟ್ಯೂಷನ್ನಿನ ಮಕ್ಕಳು, ಸರ್ಕಾರವನ್ನು ಬೈಯುವ ಇಬ್ಬರು.
ಗೂಡ್ಸು ಹೋಯಿತು. ಗೇಟು ಏಳಲಿಲ್ಲ.
ಪಕ್ಕದಲ್ಲೊಂದು ಆಂಬುಲೆನ್ಸು. ಡ್ರೈವರ್ ಇಂಜಿನ್ ಆರಿಸಿ
ಕಿಟಕಿಗೆ ಮೊಣಕೈ ಇಟ್ಟ.
"ಒಳಗೆ ಯಾರಾದರೂ...?"
"ಖಾಲಿ ಮೇಡಂ. ಇವತ್ತು ಖಾಲಿ."

ಚೀಲದಲ್ಲಿ ನೋಟ್‌ಬುಕ್ಕಿಲ್ಲ. ಬೋರ್ಡಿಂಗ್ ಪಾಸಿನ ಬೆನ್ನಿಗೆ,
ಲಾರಿಯ ಬಾನೆಟ್ಟಿನ ಮೇಲೆ ಒತ್ತಿಟ್ಟು ಬರೆದೆ:
ಗೇಟು ೫.೪೨ಕ್ಕೆ ಬಿತ್ತು.
ಗೂಡ್ಸು ಒಂದು, ಪ್ಯಾಸೆಂಜರ್ ಒಂದು.
ಆಂಬುಲೆನ್ಸ್ ಒಂದು, ಖಾಲಿ.
ಹತ್ತೊಂಬತ್ತು ನಿಮಿಷ.
ಮೇಲೆ ಒಂದು ಸಾಲಿನ ಜಾಗ
ಹಾಗೇ ಬಿಟ್ಟಿದ್ದೇನೆ.