ಸೀಮೆಸುಣ್ಣದ ಸೊನ್ನೆಗಳು

ವೀಬ್ಕೆ ಸುತ್ತಿಗೆ ಎತ್ತಿ ಸೇತುವೆಯ ಹೊಟ್ಟೆಗೆ ಬಡಿಯುತ್ತಾಳೆ.
ಠಣ್ ಎಂದರೆ ಗಟ್ಟಿ.
ಡಬ್ ಎಂದರೆ ಒಳಗೆ ಕಬ್ಬಿಣ ತುಕ್ಕು ಹಿಡಿದು
ಕಾಂಕ್ರೀಟು ಸಿಪ್ಪೆ ಬಿಟ್ಟಿದೆ.
ಡಬ್ ಎಂದಲ್ಲೆಲ್ಲ ಸೀಮೆಸುಣ್ಣದಲ್ಲಿ ಒಂದು ಸೊನ್ನೆ.
ಕಳೆದ ವರ್ಷ ಮೂವತ್ತೊಂದು. ಈ ವರ್ಷ
ಎಣಿಸುವುದನ್ನು ಊಟದ ಹೊತ್ತಿಗೇ ಬಿಟ್ಟಳು.

ಮೇಲೆ, ಹಾರ್ಬೆಕ್ ಪುರಸಭೆಯಲ್ಲಿ, ಇವತ್ತು ಕೇಕು.
ಖಜಾಂಚಿ ಎಗ್ಬರ್ಟ್ ಕ್ಲೂಟೆಯ ಏಳನೆಯ ಸೊನ್ನೆ:
ಏಳು ವರ್ಷದಿಂದ ಊರು ಒಂದು ಸೆಂಟು ಸಾಲ ಎತ್ತಿಲ್ಲ.
ಕೇಕಿನ ಮೇಲೂ ಕ್ರೀಮಿನದೊಂದು ಸೊನ್ನೆ.
ನಗಬೇಡಿ. ಅವನ ಅಪ್ಪ ಬೀಗದಂಗಡಿಯವನು;
ಒಂದು ಮಧ್ಯಾಹ್ನ ಬ್ಯಾಂಕಿನವರು ಬಂದು
ಅವನದೇ ಬೀಗವನ್ನು ಅವನ ಬಾಗಿಲಿಗೇ ಜಡಿದು ಹೋದರು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇವಲ್ಲ,
ಅದು ಎಗ್ಬರ್ಟನಿಗೆ ಗಾದೆಯಲ್ಲ, ಮಂಡಿಗೆ ಕೂತ ಅಭ್ಯಾಸ.

ಆದರೆ ಹಾಸಿಗೆಗೂ ವಯಸ್ಸಾಗುತ್ತದೆ, ಸ್ವಾಮಿ.
ಮಂಚದ ನವಾರು ಸಡಿಲಾಗುತ್ತದೆ.
ಮಲಗಿದವನ ಬೆನ್ನು ನೆಲ ಮುಟ್ಟುವವರೆಗೂ
ಲೆಕ್ಕ ಸರಿಯಾಗಿಯೇ ಇರುತ್ತದೆ.

ಸೋಮವಾರದಿಂದ ಲಾರಿ ಇಲ್ಲ. ಬುಧವಾರದಿಂದ ಬಸ್ಸೂ ಇಲ್ಲ.
ಅವನ ಮೊಮ್ಮಗಳು ಫೆನ್ಯಾ ಗುಡ್ಡ ಸುತ್ತಿ
ಐವತ್ತು ನಿಮಿಷ ತಡವಾಗಿ ಶಾಲೆಗೆ, ಹಾಗೇ ಮನೆಗೆ.
"ನಿಮ್ಮ ತಲೆಗೆ ಸಾಲ ಕಟ್ಟಲಾರೆ ಮಗೂ" ಎನ್ನುತ್ತಿದ್ದ ಅಜ್ಜನಿಗೆ
ಅವಳು ಏನೂ ಅನ್ನಲಿಲ್ಲ.
ಚೀಲ ಬೆನ್ನಲ್ಲಿದ್ದಂತೆಯೇ ನಿದ್ದೆ ಹೋಗಿದ್ದಳು.

ರಾತ್ರಿ ಅವನು ಹಳೆಯ ಕಡತ ಇಳಿಸಿದ.
ಸೇತುವೆ, ೧೯೬೫. ಮೂವತ್ತು ವರ್ಷದ ಸಾಲಪತ್ರ.
ಹತ್ತರ ಹುಡುಗ ತಾನು ಕುಣಿಯುತ್ತ ದಾಟಿದ್ದು
ಯಾರೋ ಧೈರ್ಯ ಮಾಡಿ ಬರೆದ ಕೆಂಪು ಅಂಕಿಯ ಮೇಲೆ.
ಕೊನೆಯ ಕಂತಿನೆದುರು ಗುಮಾಸ್ತನ ಸಹಿ:
ಎ. ಕ್ಲೂಟೆ. ಶಾಯಿ ಇನ್ನೂ ನೀಲಿ.
ಆ ದಿನ ಭಾರ ಅನ್ನಿಸಿದ್ದು ನೆನಪಾಗಲಿಲ್ಲ;
ಊಟಕ್ಕೆ ಹೊರಟಿದ್ದಷ್ಟೇ ನೆನಪು, ಸೇತುವೆ ದಾಟಿ.

ಬೆಳಿಗ್ಗೆ ಬೂಟು ಕೆಸರು ಮಾಡಿಕೊಂಡು
ಕಂಬದ ಬುಡಕ್ಕೆ ಇಳಿದ.
ಬರೆಯದ ಸಾಲ ಎಲ್ಲಿಗೂ ಹೋಗುವುದಿಲ್ಲ ಎಂದು
ಹೇಳಬೇಕೆಂದಿದ್ದಳು ವೀಬ್ಕೆ. ಹೇಳಲಿಲ್ಲ.
"ಸೀಮೆಸುಣ್ಣ ಮುಗಿದಿದೆ" ಎಂದಳು,
"ನಿಮ್ಮ ಕಚೇರಿಗೆ ಬರೆದು ಮೂರು ವಾರ."
ಅವನು ಕೋಟಿನ ಜೇಬು ತಡಕಿ ನಾಣ್ಯ ತೆಗೆದ,
ನಾಚಿ ಒಳಗಿಟ್ಟ,
ಸುತ್ತಿಗೆಗೆ ಕೈ ಚಾಚಿದ.

ಒಮ್ಮೆ ಬಡಿದ.
ಕಿವಿ ಹಚ್ಚಿ ನಿಂತ,
ಇನ್ನೊಮ್ಮೆ ಬಡಿಯದೆ.