ಹನ್ನೊಂದೂವರೆ ಸುತ್ತು

ಬೋಳಾರದ ವಾಲ್ವಿಗೆ ಹನ್ನೊಂದೂವರೆ ಸುತ್ತು.
ಈ ಲೆಕ್ಕ ಗೊತ್ತಿದ್ದದ್ದು ಇಬ್ಬರಿಗೆ:
ನನಗೆ, ಮತ್ತೆ ವಾರಿಜಾ ಕರ್ಕೇರರಿಗೆ.

ಮೇಯರ್ ಆಗಿದ್ದದ್ದು ಒಂದೇ ವರ್ಷ.
ಬೆಳಗಿನ ಜಾವ ನಾಲ್ಕಕ್ಕೆ ಫೋನು,
'ಐತಪ್ಪ, ನೀರು ಬಿಟ್ಟೆಯಾ?'
ಇಲ್ಲ ಅಂದರೆ ಬೈಗುಳ, ಅದೂ ತುಳುವಿನಲ್ಲಿ,
ಮೀನು ಮಾರುವ ತಾಯಿಯಿಂದ ಕಲಿತದ್ದು.
ಒಮ್ಮೆ ತುಂಬೆಯ ಪೈಪು ಒಡೆದಾಗ
ಚಪ್ಪಲಿ ಬಿಚ್ಚಿ ಕೆಸರಿಗಿಳಿದು
ನನಗೆ ಟಾರ್ಚು ಹಿಡಿದಿದ್ದರು, ಬೆಳಗಾಗುವ ತನಕ.
ಫೋಟೋದವರು ಬರುವ ಮೊದಲೇ ಹೋಗಿಯೂ ಆಗಿತ್ತು.

ಆಮೇಲೆ ಶಾಸಕಿ, ಆಮೇಲೆ ಎಂತದೋ ನಿಗಮ,
ಒಂದು ಸೋಲು, ಎರಡು ಪಕ್ಷ.
ಘಾಟಿ ಹತ್ತಿದವರು ಇಳಿದದ್ದು
ಮುಖ್ಯಮಂತ್ರಿಯಾಗಿ.

ನಿನ್ನೆ ಬಂದಿದ್ದರು. ಲಾಲ್‌ಬಾಗಿನಲ್ಲಿ
ಪೊಲೀಸರ ಹಗ್ಗದ ಹಿಂದೆ ನಿಂತು ನೋಡಿದೆ:
ಹದಿನೇಳು ಕಾರು, ಎಲ್ಲ ಗಾಜೂ ಕಪ್ಪು.
ಯಾವುದಕ್ಕೆ ಕೈಯೆತ್ತುವುದು ಮಾರಾಯ್ರೇ?
ಎಲ್ಲದಕ್ಕೂ ಎತ್ತಿದೆ.

ರಾತ್ರಿ ಇಂಜಿನಿಯರ್ ಹೇಳಿದರು:
ಸರ್ಕೀಟ್ ಹೌಸಿಗೆ ಪ್ರೆಶರ್ ಸಾಲದು,
ಬೋಳಾರ ಬಂದ್ ಮಾಡು.
ಮಾಡಿದೆ. ಹನ್ನೊಂದೂವರೆ ಸುತ್ತು, ಉಲ್ಟಾ.

ನಾಲ್ಕಕ್ಕೆ ಫೋನು.
ಹೊಸ ನಂಬರು, ಹಳೆಯ ಸ್ವರ, ಸ್ವಲ್ಪ ಒಡೆದದ್ದು.
'ಐತಪ್ಪ, ಬೋಳಾರಕ್ಕೆ ಬಿಟ್ಟೆಯಾ?'
ಅವರ ಹಿಂದೆ ಎಲ್ಲೋ ನಲ್ಲಿ ಸುರಿಯುತ್ತಿತ್ತು, ಜೋರಾಗಿ.

'ಬಿಟ್ಟಿದ್ದೇನೆ ಅಮ್ಮ' ಅಂದೆ.

ಮೂವತ್ತು ವರ್ಷದಲ್ಲಿ ಅವರಿಗೆ ಹೇಳಿದ ಮೊದಲ ಸುಳ್ಳು.
ಬೈಗುಳ ಬರಲಿಲ್ಲ.
'ಒಳ್ಳೇದಾಯ್ತು' ಅಂದರು, ಇಟ್ಟರು.